ಹೊಟ್ಟೆ ಹಸಿದ ಕೌದಿ

ಸಂಭಾಜಿನಗರದ ಪಕ್ಕದ ನಮ್ಮ ವಾಳೂಜಿನಲ್ಲಿ ಮಳೆ ಬಂದರೆ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ರಸ್ತೆ ಹೋಗುತ್ತದೆ, ಕೊನೆಗೆ ಮನುಷ್ಯನ ಮರ್ಯಾದೆ ಹೋಗುತ್ತದೆ. ಈ ಸಲ ಅಕ್ಟೋಬರ್ ಕೊನೆಗೆ, ಮುಗಿಯಿತು ಎಂದುಕೊಂಡಿದ್ದ ಮಳೆ ಏನೋ ಮರೆತುಹೋದವರ ಹಾಗೆ ತಿರುಗಿ ಬಂದು ಸುರಿಯಿತಲ್ಲ, ಅಂದು ಸಂಜೆ ನಮ್ಮ ಸೊಸೈಟಿಯ ಮಕ್ಕಳು ತಾರಸಿಯ ಮೇಲೆ ಹ್ಯಾಲೋವೀನ್ ಮಾಡುವವರಿದ್ದರು. ರಟ್ಟಿನ ಹಲ್ಲು, ಕರಿ ಪ್ಲಾಸ್ಟಿಕ್ಕಿನ ಬಾವಲಿ, ಎಲ್ಲ ತೊಯ್ದು ಮುದ್ದೆಯಾದವು. ನಾನು ಬಾಗಿಲಲ್ಲಿ ನಿಂತು, ದೆವ್ವ ಬೇಕಾದವರು ನಮ್ಮ ಮನೆಗೆ ಬರಬೇಕು, ನನ್ನ ಹತ್ತಿರ ಅಸಲಿ ಮಾಲು ಇದೆ ಎಂದು ಕೂಗಿದೆ. ಬಂದರು. ಅರ್ಧ ಸಂಭಾಜಿನಗರವೇ ನನ್ನ ಪಡಸಾಲೆಯಲ್ಲಿ ಬಂದು ಕೂತಿತು. ಎದುರುಮನೆಯ ವಿದ್ಯಾವತಿಯನ್ನು ಕೇಳಿದರೆ ಹತ್ತು ಹನ್ನೆರಡು ಮಂದಿ ಇದ್ದರು ಎನ್ನುತ್ತಾಳೆ. ಬೀದರ್ ಕಡೆಯವಳು, ಅವಳಿಗೆ ಮೊದಲಿನಿಂದಲೂ ಎಣಿಕೆ ಸ್ವಲ್ಪ ಕಡಿಮೆ.

ಅವಳ ಮಗಳು ಉಮಾಶ್ರೀ ನನ್ನ ಮುಂದೆಯೇ ಕೂತಳು. ಇಲ್ಲೇ ಹುಟ್ಟಿದ ಹುಡುಗಿ. ಕನ್ನಡ ಕೇಳಿದರೆ ತಿಳಿಯುತ್ತದೆ, ಬಾಯಿ ತೆರೆದರೆ ಮರಾಠಿ ಬೀಳುತ್ತದೆ. ಗೋಡೆಗೆ ಒರಗಿ ಗೋವಿಂದ, ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದವನು, ನನ್ನ ಯಾವ ಮಾತನ್ನೂ ನಂಬದ ಮನುಷ್ಯ. ನಾನು ಮೇಣದಬತ್ತಿ ಹಚ್ಚಿದೆ.

'ಆಜೋಬಾ, ಖರಂ ಸಾಂಗಾ,' ಅಜ್ಜಾ, ನಿಜ ಹೇಳು ಎಂದಳು ಉಮಾಶ್ರೀ, ಆಮೇಲೆ ನನಗಾಗಿ ಕನ್ನಡಕ್ಕೆ ಇಳಿದಳು. 'ನೀವು ದೆವ್ವ ನೋಡೀರಿ?'

'ನೋಡೂದೇನವ್ವ, ಅದರ ಮನ್ಯಾಗ ಕುಂತು ಬಂದೀನಿ. ಅದೂ ಇಲ್ಲೆಲ್ಲ ಅಲ್ಲ, ನಾರ್ವೇದಾಗ.'

'ಚಾಲೂ ಆತು ನೋಡ್ರಿ ಗುರುಲಿಂಗಪ್ಪ ಕಾಕಾಂದು,' ಎಂದ ಗೋವಿಂದ.

ನಗಲಿ ಬಿಡಿ. ನೀವು ಕೇಳಿ...

ನನ್ನ ಹೆಂಡತಿ ಈರಮ್ಮ ಕೌದಿ ಹೊಲಿಯುವುದು ನಿಮಗೆಲ್ಲ ಗೊತ್ತೇ ಇದೆ. ನಮ್ಮ ಆಳಂದದ ಕಡೆಯ ಕೈ. ಹಳೆಯ ಸೀರೆ, ಹರಿದ ಅಂಗಿ, ಯಾವುದು ಕೊಟ್ಟರೂ ತುಂಡಿಗೆ ತುಂಡು ಕೂಡಿಸಿ ಅವಳು ಹೊಲಿದ ಕೌದಿಯನ್ನು ಹೊದ್ದು ಮಲಗಿದರೆ ಹಿಮಾಲಯದ ಮೇಲೂ ಬೆವರು ಬರುತ್ತದೆ. ನಾಸಿಕ್‌ನಲ್ಲಿ ಒಂದು ಪ್ರದರ್ಶನಕ್ಕೆ ಇಟ್ಟಿದ್ದೆವು. ಅಲ್ಲಿಗೆ ಬಂದಿದ್ದ ಇಂಗ್ರಿಡ್ ಎಂಬ ನಾರ್ವೆಯ ಹೆಣ್ಣುಮಗಳು ಅದನ್ನು ಮುಟ್ಟಿದವಳೇ ನೆಲದ ಮೇಲೆ ಕೂತುಬಿಟ್ಟಳು. ತನ್ನ ಊರು ಬರ್ಗೆನ್‌ಗೆ ಬರಬೇಕು, ಅಲ್ಲಿಯ ಜನರ ಮುಂದೆ ಹೊಲಿದು ತೋರಿಸಬೇಕು ಎಂದು ಹಟ ಹಿಡಿದಳು. ಗಂಡನನ್ನು ಬಿಟ್ಟು ಬರಲಾರೆ ಎಂದಳು ಈರಮ್ಮ. ಹಾಗೆಂದು ನಾನು ಹೇಳುತ್ತೇನೆ... ಅವಳು ನಿಜವಾಗಿ ಹೇಳಿದ್ದು, ಇಂಗ್ಲಿಷ್ ಬರುವವರು ಯಾರಾದರೂ ಜೊತೆಗಿರಲಿ ಎಂದು. ಇಡೀ ವಾಳೂಜಿನಲ್ಲಿ ನನ್ನಂಥ ಇಂಗ್ಲಿಷ್ ಯಾರದ್ದಿದೆ? ಅದನ್ನು ಕೇಳಿ ಬರ್ಗೆನ್ನಿನವರು ತಮಗೆ ಬರುತ್ತಿದ್ದ ಇಂಗ್ಲಿಷನ್ನೂ ಮರೆತು ಸುಮ್ಮನೆ ತಲೆ ಆಡಿಸುತ್ತಿದ್ದರು.

ಆ ಊರು ಹೇಗಿದೆ ಗೊತ್ತೇ? ಸುತ್ತ ಬೆಟ್ಟ, ಮುಂದೆ ಸಮುದ್ರ, ನಡುವೆ ಕಟ್ಟಿಗೆಯ ಮನೆಗಳು ಒಂದರ ಹೆಗಲ ಮೇಲೆ ಒಂದು ಏರಿ ಕೂತಿವೆ. ಮಳೆ ನಿಂತದ್ದನ್ನು ನಾನು ಕಾಣಲಿಲ್ಲ. ಅಲ್ಲಿ ಮೀನು ಯಾವುದು, ಮನುಷ್ಯ ಯಾವನು ಎಂದು ಹೇಳಬೇಕಾದರೆ ಟೋಪಿ ನೋಡಬೇಕು. ಮಧ್ಯಾಹ್ನದ ಚಹಾ ಮುಗಿಸಿ ಕಪ್ಪು ಕೆಳಗಿಡುವಷ್ಟರಲ್ಲಿ ಕತ್ತಲು. ಊಟದ ಮಾತು ಬೇಡವೇ ಬೇಡ. ಈರಮ್ಮ ಮನೆಯಿಂದ ಖಡಕ್ ರೊಟ್ಟಿಯ ಗಂಟು ಕಟ್ಟಿಕೊಂಡು ಬಂದಿದ್ದಕ್ಕೆ ನಾನು ಇವತ್ತು ನಿಮ್ಮ ಮುಂದೆ ಕೂತಿದ್ದೇನೆ. ಹೊಟ್ಟೆ ತುಂಬಿತು ಎಂಬ ಅರ್ಥದಲ್ಲಿ ಅಲ್ಲ... ಅದು ಮುಂದೆ ತಿಳಿಯುತ್ತದೆ.

ನಾವು ಮರಳಿ ಹೊರಡುವುದಕ್ಕೆ ಒಂದು ದಿನ ಮೊದಲು ಅವರ ಹ್ಯಾಲೋವೀನ್ ಬಂತು. ಇಲ್ಲಿ ನಾವು ಕುಂಬಳಕಾಯಿ ಒಡೆದು ದೃಷ್ಟಿ ತೆಗೆಯುತ್ತೇವೆ; ಅವರು ಅದಕ್ಕೆ ಕಣ್ಣು ಬಾಯಿ ಕೊರೆದು, ಒಳಗೆ ದೀಪ ಇಟ್ಟು, ಬಾಗಿಲಲ್ಲಿ ಕೂರಿಸುತ್ತಾರೆ. ಕೊರೆದ ತಿರುಳನ್ನು ಇಂಗ್ರಿಡ್ ಚೆಲ್ಲಲು ಹೊರಟಳು. ಈರಮ್ಮ ಬಿಟ್ಟಾಳೆಯೇ? ಬೆಲ್ಲ ಸಿಗಲಿಲ್ಲ, ಸಕ್ಕರೆಯನ್ನೇ ಹಾಕಿ ಗಾರಿಗೆ ಕರಿದಳು. ಓಣಿಯ ಮಕ್ಕಳೆಲ್ಲ ದೆವ್ವದ ವೇಷದಲ್ಲಿ ಒಲೆಯ ಸುತ್ತ ನಿಂತು ತಿಂದರು. ನನಗೂ ವೇಷ ಬೇಕೆಂದರು. ಮುಖಕ್ಕೆ ಪೌಡರ್ ಬಳಿದುಕೊಂಡು ಈರಮ್ಮನ ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡೆ ನೋಡಿ, ಮೂರು ಮಕ್ಕಳು ಅತ್ತವು, ಒಂದು ನಾಯಿ ಊರು ಬಿಟ್ಟಿತು.

ಅಲ್ಲಿಯ ಪದ್ಧತಿ ಹೀಗೆ. ಮಕ್ಕಳು ಮನೆಮನೆಯ ಬಾಗಿಲು ಬಡಿಯುತ್ತಾರೆ, ಒಳಗಿನವರು ಮಿಠಾಯಿ ಕೊಡುತ್ತಾರೆ. ಆದರೆ ಬಾಗಿಲಲ್ಲಿ ದೀಪವಿಲ್ಲದ ಮನೆಯನ್ನು ಬಡಿಯುವುದಿಲ್ಲ. ಓಣಿಯ ಮೇಲ್ತುದಿಯಲ್ಲಿ ಅಂಥದೊಂದು ಮನೆ ಇತ್ತು. ಮುಂದೆ ಹೋಗುತ್ತಿದ್ದ ಮಕ್ಕಳೂ ಇಂಗ್ರಿಡ್‌ಳೂ ಅದರ ಮುಂದೆ ಮಾತು ನಿಲ್ಲಿಸಿ ದಾಟಿದರು. ಗಾರಿಗೆಯ ಡಬ್ಬಿ ಹಿಡಿದು ನನ್ನ ಜೊತೆ ಹಿಂದೆ ಬರುತ್ತಿದ್ದ ಈರಮ್ಮ ನಿಂತಳು.

'ಈ ಮನ್ಯಾಗ ಯಾರೋ ಹೋಗ್ಯಾರ್ರಿ,' ಎಂದಳು. 'ಪಾಪ, ಹಬ್ಬ ಮಾಡಿಲ್ಲ. ಗಾರಿಗಿ ಕೊಟ್ಟು ಬರೂಣು.'

ನಮ್ಮಲ್ಲಿ ಸಾವಾದ ಮನೆಯಲ್ಲಿ ಆ ವರ್ಷ ಹಬ್ಬಕ್ಕೆ ಎಣ್ಣೆ ಇಡುವುದಿಲ್ಲ. ನೆರೆಯವರೇ ಕರಿದದ್ದನ್ನು ಒಯ್ದು ಕೊಡುತ್ತಾರೆ. ಹೌದೋ ಅಲ್ಲವೋ, ವಿದ್ಯಾವತಿ? ದೀಪವಿಲ್ಲದ ಮನೆಯನ್ನು ಕಂಡು ಅವರು ದೂರ ಸರಿಯುತ್ತಾರೆ, ನಾವು ಡಬ್ಬಿ ಹಿಡಿದು ಹತ್ತಿರ ಹೋಗುತ್ತೇವೆ... ಅಷ್ಟೇ ವ್ಯತ್ಯಾಸ. ಅಷ್ಟಕ್ಕೇ ನಾವು ಸಿಕ್ಕಿಬಿದ್ದೆವು.

ಬಾಗಿಲು ತೆರೆದವಳು ಮುದುಕಿ. ಬೂದಿ ಬಣ್ಣದ ಸ್ವೆಟರು. ನನ್ನ ವೇಷ ನೋಡಿ ಹೆದರಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು. ಅವಳು ನನ್ನ ಹೆಗಲ ಮೇಲಿನ ಕೌದಿಯ ಹೊಲಿಗೆಯನ್ನು ಬೆರಳಿಂದ ಸವರಿದಳು, ಈರಮ್ಮನ ಕೈ ನೋಡಿದಳು, ಪಕ್ಕಕ್ಕೆ ಸರಿದು ಒಳಗೆ ದಾರಿ ಬಿಟ್ಟಳು. ಒಳಗೆ ಒಂದೇ ಕೋಣೆ. ನೆಲದ ತುಂಬ ಒಂದು ಕೌದಿ! ಅವರ ದೇಶದಲ್ಲಿ, ಅದೇ ನಮ್ಮ ಥರ, ತುಂಡಿಗೆ ತುಂಡು. ಗೋಡೆಯಿಂದ ಗೋಡೆಗೆ ಹಾಸಿ, ಮೂಲೆಯಲ್ಲಿ ಮಡಚಿ, ಮತ್ತೆ ಹಾಸಿದಷ್ಟು ದೊಡ್ಡದು. ಒಂದು ಅಂಚು ಮಾತ್ರ ಬಾಯಿ ತೆರೆದುಕೊಂಡಿತ್ತು. ಅರ್ಧ ಹೊಲಿದ ಕೆಲಸ ಕಂಡರೆ ಈರಮ್ಮನ ಕೈ ಕಡಿಯುತ್ತದೆ. ಚಪ್ಪಲಿ ಬಿಟ್ಟು ಕೂತಳು, ಮುದುಕಿ ಕೊಟ್ಟ ಇನ್ನೊಂದು ಸೂಜಿ ತೆಗೆದುಕೊಂಡಳು. ಇಬ್ಬರೂ ಸೇರಿ ಹೊಲಿಯತೊಡಗಿದರು. ಒಬ್ಬರ ಮಾತು ಒಬ್ಬರಿಗೆ ಬರದವರ ಸ್ನೇಹ ಎಷ್ಟು ಚೆಂದ ಎಂದು ನಾನು ನೋಡುತ್ತಾ ಕೂತೆ.

ನೋಡುತ್ತಾ ಕೂತವನಿಗೆ ಒಂದು ಕಂಡಿತು. ಮುದುಕಿಯ ಸೂಜಿಯಲ್ಲಿ ದಾರವಿಲ್ಲ... ಹೊಲಿಗೆ ಮಾತ್ರ ಬೀಳುತ್ತಿದೆ.

ಇನ್ನು ಸಾಕು, ಏಳು ಎಂದೆ. ಈರಮ್ಮ ಏಳಲಿಲ್ಲ. ಇಂಗ್ರಿಡ್‌ಳನ್ನು ಕರೆಯೋಣ ಎಂದು ಬಾಗಿಲು ತೆರೆದು ಹೊರಗೆ ಕಾಲಿಟ್ಟೆ. ಹೊರಗೆ ಅದೇ ಕೋಣೆ. ಅದೇ ಕೌದಿ, ಅದೇ ಮುದುಕಿ, ಬೆನ್ನು ಬಗ್ಗಿಸಿ ಕೂತ ನನ್ನ ಹೆಂಡತಿ. ತಿರುಗಿ ಬಂದೆ, ಮತ್ತೆ ಅದೇ. ಕಿಟಕಿಯ ಗಾಜಿಗೆ ಮುಖ ಹಚ್ಚಿದರೆ ಕೆಳಗೆ ಓಣಿಯಲ್ಲಿ ಮಕ್ಕಳು ದೀಪ ಹಿಡಿದು ಹೋಗುತ್ತಿದ್ದಾರೆ, ಇಂಗ್ರಿಡ್ ನಮ್ಮ ಹೆಸರು ಹಿಡಿದು ಕೂಗುತ್ತಿದ್ದಾಳೆ. ನಾನು ಗಾಜು ಬಡಿದೆ. ಬೆಟ್ಟ ಬಿರಿಯುವ ಹಾಗೆ ಬಡಿದೆ. ಅವಳು ನನ್ನನ್ನು ನೇರವಾಗಿ ನೋಡಿದಳು. ಮಳೆಯನ್ನು ನೋಡುವ ಹಾಗೆ ನೋಡಿ ಮುಂದೆ ಹೋದಳು. ಆ ಕೋಣೆಯಲ್ಲಿ ಎಷ್ಟು ಹೊತ್ತು ತಿರುಗಿದೆನೋ... ಇಲಿಬೋನಿನಲ್ಲಿ ಇಲಿ ಏನು ಮಾಡುತ್ತದೆ? ಮೊದಲು ಓಡುತ್ತದೆ. ಆಮೇಲೆ ಒಂದು ಮೂಲೆ ಹಿಡಿದು ಸುಮ್ಮನೆ ಉಸಿರಾಡುತ್ತದೆ.

ಹಾಗೆ ಮೂಲೆ ಹಿಡಿದಾಗ ಕೌದಿಯ ತುಂಡುಗಳನ್ನು ಸರಿಯಾಗಿ ನೋಡಿದೆ. ಒಬ್ಬ ಅಂಚೆಯವನ ಕೋಟಿನ ತೋಳು, ಗುಂಡಿ ಸಮೇತ. ಹಡಗಿನವನ ಕೊರಳಪಟ್ಟಿ. ಯಾವುದೋ ಹೆಂಗಸು ಅಡುಗೆಗೆ ಕಟ್ಟಿಕೊಳ್ಳುವ ಹೂವಿನ ಏಪ್ರನ್. ಒಂದು ಪುಟ್ಟ ಕೈಗವಸು, ಚಳಿಗೆ ಮಕ್ಕಳು ಕೈಗೆ ಹಾಕಿಕೊಳ್ಳುತ್ತಾರಲ್ಲ, ಅದು... ಇವರೆಲ್ಲ ಒಂದಲ್ಲ ಒಂದು ದಿನ ಈ ಬಾಗಿಲು ಬಡಿದವರು. ಕೊನೆಯ ಅಂಚಿನಲ್ಲಿ, ಆಗಷ್ಟೇ ಬಿದ್ದ ಹೊಲಿಗೆಯ ಕೆಳಗೆ, ನಮ್ಮ ಈರಮ್ಮನ ಇಳಕಲ್ ಸೀರೆಯ ಸೆರಗು. ಎಳೆದೆ, ಬರಲಿಲ್ಲ. ದಾರ ಸೆರಗಿನಿಂದಲೇ ಬಿಚ್ಚಿಕೊಂಡು ಸೂಜಿಗೆ ಹೋಗುತ್ತಿತ್ತು.

ಈರಮ್ಮ ತಲೆ ಎತ್ತದೆ ಹೇಳಿದಳು: 'ಕೈ ನಿಂದರವಲ್ಲವುರಿ. ಇದರ ಹೊಟ್ಟಿ ಖಾಲಿ ಅದ. ಹೊಟ್ಟಿಗಿ ಇಡಲಾರದೇ ಹೊಲದಾರ.'

ಉಮಾಶ್ರೀ, ನಿನಗೆ ಗೊತ್ತಿಲ್ಲ, ನಿನ್ನ ಅವ್ವನಿಗೆ ಗೊತ್ತಿದೆ. ಕೌದಿ ಮುಗಿಸುವಾಗ ಕೊನೆಯ ಬಾಯಿ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡುತ್ತೇವೆ. ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಬೆಚ್ಚಗೆ ಇಡುತ್ತದೆ. ಹಸಿದ ಕೌದಿ? ಅದು ಹೊದ್ದವರನ್ನೂ, ಹೊಲಿದವರನ್ನೂ, ಪಕ್ಕದಲ್ಲಿ ಕೂತವರನ್ನೂ... ನಾನು ಗಾರಿಗೆಯ ಡಬ್ಬಿಯನ್ನು ಪೂರಾ ಆ ಬಾಯಿಗೆ ಸುರಿದೆ. ಹೋಯಿತು. ಬಟ್ಟೆ ಒಂದು ಬೆರಳಷ್ಟೂ ಉಬ್ಬಲಿಲ್ಲ.

'ಸಿಹಿ ಸಾಲಂಗಿಲ್ಲ ಅದಕ್ಕ,' ಎಂದಳು ಈರಮ್ಮ. 'ನಿಮ್ಮ ಕೋಟಿನ ಒಳಜೇಬಿನಾಗಿಂದು ತೆಗೀರಿ.'

ನೋಡಿ, ಹೆಂಡತಿ ಎಂಬುವಳು! ಕೊನೆಯ ರೊಟ್ಟಿಯನ್ನು ಅವಳಿಗೆ ಕಾಣದ ಹಾಗೆ ಜೇಬಿನಲ್ಲಿ ಬಚ್ಚಿಟ್ಟಿದ್ದೇನೆ ಎಂದು ನಾನು ತಿಳಿದಿದ್ದೆ. ತೆಗೆದು ಆ ಬಾಯಿಗೆ ಇಟ್ಟೆ. ಕಟುಂ ಎಂದು ಮುರಿದ ಸದ್ದು ಬಂತು. ಮುರಿದವನು ನಾನಲ್ಲ. ಆಮೇಲೆ ಇಡೀ ಕೌದಿ, ಗೋಡೆಯಿಂದ ಗೋಡೆಯವರೆಗೆ, ಒಂದು ಸಲ ಮೇಲೆದ್ದು ಇಳಿಯಿತು. ಹಾಲು ಕುಡಿದ ಕೂಸಿನ ಹಾಗೆ. ಮುದುಕಿ ಅದನ್ನೇ ನೋಡುತ್ತಾ ಕೂತಳು. ಈರಮ್ಮನ ಕೈ ನಿಂತಿತು. ಹತ್ತು ಆನೆಯ ಬಲದಿಂದ ಅವಳನ್ನು ಎಳೆದೆ. ಸೆರಗು ಪರ್‍ರನೆ ಹರಿದು ಅಲ್ಲೇ ಉಳಿಯಿತು, ನಾವು ಬಾಗಿಲಿನಿಂದ ಓಣಿಗೆ ಬಿದ್ದೆವು.

ಇಂಗ್ರಿಡ್ ಪಕ್ಕದ ಮನೆಯ ಮೆಟ್ಟಿಲ ಮೇಲಿದ್ದಳು. ಈಗಷ್ಟೇ ಹಿಂದೆ ಇದ್ದಿರಲ್ಲ, ಎಲ್ಲಿ ಹೋಗಿದ್ದಿರಿ ಎಂದು ಕೇಳಿದಳು. ಅವರ ಪಾಲಿಗೆ ಕಳೆದದ್ದು ಒಂದು ಮನೆ ದಾಟುವಷ್ಟೇ ಹೊತ್ತು. ನನ್ನ ಬಟ್ಟೆ ಒಣಗಿ ಖಡಕ್ಕಾಗಿತ್ತು. ಬೆಳಿಗ್ಗೆ ಕ್ಷೌರ ಮಾಡಿಕೊಂಡಿದ್ದ ಗಲ್ಲದ ಮೇಲೆ ಮುಷ್ಟಿಗೆ ಸಿಗುವಷ್ಟು ಗಡ್ಡ.

ಇಲ್ಲಿಗೆ ನಿಲ್ಲಿಸಿ ಮಿಠಾಯಿ ಹಂಚಬೇಕು ಎಂದು ನನಗೂ ಆಸೆಯಿದೆ. ಆದರೆ ಆ ಸೀರೆ... ಈರಮ್ಮ ಅದನ್ನು ತೊಳೆದು ಟ್ರಂಕಿನಲ್ಲಿ ಇಟ್ಟಳು. ಮರುವರ್ಷ ಇದೇ ದಿನಗಳಲ್ಲಿ ತೆಗೆದು ನೋಡಿದರೆ ಗಿಡ್ಡವಾಗಿತ್ತು. ಇಲಿ ಎಂದೆ ನಾನು. ಇಲಿ ಕಡಿದರೆ ಅಂಚು ಹೀಗೆ ನೇರವಾಗಿರುತ್ತದೆಯೇ? ಎಳೆ ಎಳೆಯಾಗಿ ಬಿಚ್ಚಿಕೊಂಡು ಹೋಗಿತ್ತು. ಅದರ ಮುಂದಿನ ವರ್ಷ ಇನ್ನೂ ಗಿಡ್ಡ. ಟ್ರಂಕಿನಲ್ಲಿ ರೊಟ್ಟಿ ಇಟ್ಟು ನೋಡಿದೆವು, ಬೂಸಲು ಹಿಡಿಯಿತು ಅಷ್ಟೇ. ಹಸಿವು ಅಲ್ಲಿದೆ, ರೊಟ್ಟಿ ಇಲ್ಲಿಟ್ಟರೆ ಏನಾಗುತ್ತದೆ? ಅಷ್ಟು ದೊಡ್ಡ ಹೊಟ್ಟೆಗೆ ಒಂದು ರೊಟ್ಟಿ ಎಷ್ಟು ವರ್ಷ ಸಾಕಾಗುತ್ತದೆ? ಇವತ್ತು ಬೆಳಿಗ್ಗೆ ಟ್ರಂಕು ತೆಗೆದೆವು. ಸೀರೆಗೆ ಸುತ್ತಿಟ್ಟ ಕಾಗದ ಇತ್ತು. ಸೀರೆ ಇರಲಿಲ್ಲ. ಒಂದು ಎಳೆಯೂ ಇರಲಿಲ್ಲ.

ನಾನು ಮಾತು ನಿಲ್ಲಿಸಿದೆ. ಗೋವಿಂದ ನಗುತ್ತಾನೆ ಎಂದು ಕಾದೆ. ನಗಲಿಲ್ಲ. ಅವನು ಒಳಗಿನ ಕೋಣೆಯ ಕಡೆ ಕಿವಿ ಕೊಟ್ಟು ಕೂತಿದ್ದ.

'ಕಾಕಾ,' ಎಂದಳು ವಿದ್ಯಾವತಿ ಮೆಲ್ಲಗೆ, 'ಈರಮ್ಮ ಕಾಕು ಎಲ್ಲಿ ಅದಾರ್ರಿ?'

'ಉಂಡು ಒಳಗ ಮಲಗಿದಳವ್ವ, ಮಧ್ಯಾಹ್ನ. ಕೈಯಾಗ ಸೂಜಿ ಇಲ್ಲ, ಅರಿಬಿ ಇಲ್ಲ. ಆಮ್ಯಾಲ ಈ ಸಪ್ಪಳ ಚಾಲೂ ಆತು. ಮಳಿ ಅಲ್ಲದು. ದಾರ ಎಳಿಯೂ ಸಪ್ಪಳ.'

ನಾನು ಮೇಣದಬತ್ತಿಯನ್ನು ಎತ್ತಿ ಗೋವಿಂದನ ಕೈಗೆ ಕೊಟ್ಟೆ.

'ಕೂಗಿದೆ, ಓ ಅನ್ನವಲ್ಲಳು. ಒಬ್ಬನೇ ಒಳಗ ಹೋಗ್ಲಿಕ್ಕ ನನಗ ಆಗವಲ್ಲದಪ್ಪ, ಅದಕ್ಕ ನಿಮ್ಮನ್ನ ಕರದೆ. ಎಲ್ಲಾರೂ ಕೂಡೇ ಹೋಗೂಣು. ಆದರ ಒಂದು ನೆಪ್ಪಿಡ್ರಿ... ಆಕಿ ಏನೇ ಹೊಲಿಲತ್ತಿರಲಿ, ಬಾಜೂಕ ಯಾರೂ ಕೂಡಬ್ಯಾಡ್ರಿ.'