ನೇಡೀನ್ ಕಟ್ಟಿದ ಕೆಂಪು ಚೀಟಿ

…ಇಲ್ಲ, ಬಾಗಿಲು ಹಾಕು. ಹಾಕಿ ಬಂದು ಕೂತ್ಕೋ ನೇಡೀನ್. ಹೊರಗೆ ಲೇಥು ಓಡ್ತಿದ್ರೂ ಎಲ್ಲರ ಕಿವಿ ಇಲ್ಲೇ ಇದೆ. ನಿನ್ನೆ ಬೆಳಿಗ್ಗೆ ಸರ್ಕಾರದವರಿಬ್ಬರು ಬಂದು ನಿನ್ನ ಫೈಲು ಹೊತ್ಕೊಂಡು ಹೋದ್ರಲ್ಲ, ಆಗಿಂದ ಈ ಫ್ಯಾಕ್ಟರೀಲಿ ಒಬ್ಬನೂ ಮನಸ್ಸಿಟ್ಟು ಕೆಲಸ ಮಾಡಿಲ್ಲ. ಕೊಲಾಚಿ ಬನ್ನು ತಗೋ. ಶುಕ್ರವಾರ ಅಲ್ವಾ, ತಂದಿದೀನಿ. ಬೇಡ್ವಾ? ಬೇಡ ಅಂದ್ರೆ ಬಿಡು.

ಏನು ಹೇಳ್ತಿದ್ದೆ? ಹಾಂ, ಆ ಫಾಂಟೆನೋ! ಹಡಗಿನ ಏಜೆಂಟಂತೆ, ಏಜೆಂಟು! ಅವನನ್ನ ನಾನು ಗೊತ್ತು ಮಾಡಿದ್ನಾ? ಮಾಲು ಕೊಂಡ ಆ ಕೊಲ್ಲಿ ದೇಶದ ವ್ಯಾಪಾರಿ ಗೊತ್ತು ಮಾಡಿದ. ಟ್ರಕ್ಕು ಕಳಿಸಿದ್ದು ಫಾಂಟೆನೋ, ಹಡಗು ಹಿಡಿದದ್ದು ಅವನು, ಸರ್ಕಾರಕ್ಕೆ ವಿವರ ಬರೆದು ಕಳಿಸಿದ್ದೂ ಅವನೇ. ನಾವು ವಾಲ್ವು ಮಾಡಿದ್ವಿ, ಪೆಟ್ಟಿಗೆಗೆ ತುಂಬಿದ್ವಿ, ಗೇಟಲ್ಲಿ ಕೊಟ್ವಿ. ಗೇಟು ದಾಟಿದ ಮೇಲೆ ಅದು ನಮ್ಮ ಮಾಲಾ?

ಹಾಗೆ ನೋಡಬೇಡ. ನೀನು ಏನಂತೀಯ ಅಂತ ನಂಗೊತ್ತು, ಇಪ್ಪತ್ತಾರು ವರ್ಷದಿಂದ ಅದೇ ಪಾಠ. ಏಜೆಂಟು ಕೊಂಡವನ ಕಡೆಯವನಾದ್ರೆ, 'ರಫ್ತು ಲೈಸೆನ್ಸಿನ ಹೊಣೆ ನಮ್ಮದು' ಅಂತ ಕೊಂಡವನು ಬರೆದುಕೊಡಬೇಕು. ಆ ಕಾಗದ ಬರದಿದ್ರೆ ಹೊಣೆ ಮಾರಿದವನ ತಲೆಗೇ. ನಿನ್ನೆ ಬಂದ ಆ ಅಧಿಕಾರಿಣೀನೂ ಅದನ್ನೇ ಒಪ್ಪಿಸಿದ್ಲು. ಕಾಗದ ಎಲ್ಲಿ ಮಿಸ್ಟರ್ ಟಿಲ್ಲರಿ ಅಂದ್ಲು. ಎಲ್ಲಿಂದ ತರ್ಲಿ? ಬಂದೇ ಇಲ್ಲವಲ್ಲ!

ಮಾಮೂಲಿ ವಾಲ್ವಾಗಿದ್ರೆ ಯಾರು ಕೇಳ್ತಿದ್ರು? ಇದು ನಿಕ್ಕಲ್‌ದು, ಎಂಥಾ ಆಮ್ಲಕ್ಕೂ ಜಗ್ಗಲ್ಲ. ಗೊಬ್ಬರ ಮಾಡೋರಿಗೂ ಬೇಕು, ಯುದ್ಧಕ್ಕೆ ವಿಷದ ಗಾಳಿ ಮಾಡೋರಿಗೂ ಬೇಕು, ಅದಕ್ಕೇ ಲೈಸೆನ್ಸು. ನಲವತ್ತು ವಾಲ್ವು… ಎಲ್ಲಿವೆಯೋ, ಯಾರ ಕೈಲಿವೆಯೋ. ಆ ವ್ಯಾಪಾರಿ ಕೊಟ್ಟ ವಿಳಾಸದಲ್ಲಿ ಈಗ ಯಾರೋ ಟೈರ್ ಮಾರ್ತಿದಾರಂತೆ. ಯಾಕೆ ನಗ್ತೀಯ? ನಗ್ಲಿಲ್ವಾ? ನಂಗೆ ಹಾಗನ್ನಿಸ್ತು.

ಸರಿ, ಇದನ್ನ ಓದು. ಸೋಮವಾರ ಹತ್ತು ಗಂಟೆಗೆ ಕೊಡಬೇಕು. ನಾಲ್ಕೇ ಸಾಲು. 'ಕಾಗದ ಬಂದಿಲ್ಲ ಅಂತ ಗೊತ್ತಿದ್ದೂ, ಪೆಟ್ಟಿಗೆಗೆ ಕೆಂಪು ಚೀಟಿ ಕಟ್ಟದೆ, ಮಾಲೀಕರಿಗೆ ತಿಳಿಸದೆ ನಾನೇ ಕಳಿಸಿದೆ.' ಕೆಳಗೆ ನಿನ್ನ ಸಹಿ. ಅಷ್ಟೇ. ನಿನ್ನನ್ನ ಜೈಲಿಗೆ ಹಾಕ್ತಾರಾ? ಹಾಕಲ್ಲ ಅನ್ಸುತ್ತೆ. ಒಬ್ಬ ಗುಮಾಸ್ತೆ ಮರೆತಳು ಅಂದ್ರೆ ಅದು ಮರೆವು. ಮಾಲೀಕ ಮರೆತ ಅಂದ್ರೆ ಅದು ಕಳ್ಳತನ! ಫ್ಯಾಕ್ಟರಿ ಮುಚ್ಚಿಸ್ತಾರೆ, ಹನ್ನೊಂದು ಸಂಸಾರ ಬೀದಿಗೆ ಬೀಳುತ್ತೆ. ವಕೀಲರ ಖರ್ಚು ನಂದು. ಪೆನ್ನು ತಗೋ.

ತಗೋ ಅಂದೆ!

ಓಹೋ. ಚೀಟಿ ಕಟ್ಟಿದ್ದೆ ಅಂತೀಯ. ಬಾಯಿಬಿಟ್ಟು ಅನ್ನಲ್ಲ, ಆದ್ರೆ ಅನ್ನೋದು ಅದೇ ತಾನೇ? ಹಾಗಾದ್ರೆ ಎಲ್ಲಿ ಹೋಯ್ತು? ನೋಡು ತಾಯಿ, ಈ ಫ್ಯಾಕ್ಟರೀಲಿ ಕೆಂಪು ಚೀಟಿ ಅಂದ್ರೆ ಏನು ಅಂತ ನಂಗೆ ಹೇಳಿಕೊಡಬೇಕಾ? ಅಪ್ಪನ ಕೈ ಪ್ರೆಸ್ಸಿನ ಒಳಗಿದ್ದಾಗ ಯಾವನೋ ಸ್ವಿಚ್ಚು ಹಾಕಿದ. ಎರಡು ಬೆರಳು ಹೋಯ್ತು. ಆಸ್ಪತ್ರೆಯಿಂದ ಬಂದವನೇ ನಿಯಮ ಮಾಡಿದ. ತಡೀಬೇಕು ಅನ್ಸಿದವರು ಹೆಸರು ಬರೆದು ಕೆಂಪು ಚೀಟಿ ಕಟ್ಟಬೇಕು. ಕಟ್ಟಿದವರೇ ಬಿಚ್ಚಬೇಕು. ಬೇರೆಯವರು ಮುಟ್ಟಿದ್ರೆ ಅವತ್ತೇ ಮನೆಗೆ. ಪ್ರೆಸ್ಸಿಗೂ ಅದೇ, ಪೆಟ್ಟಿಗೆಗೂ ಅದೇ. ನಿನ್ನ ತಂಗಿ ಮದುವೆಗೆ ಶೈನರ್ ಊರಿಗೆ ಹೋದಾಗ ಚೀಟಿ ಬಿಚ್ಚೋದು ಮರೆತು ಹೋಗಿದ್ದೆ, ನೆನಪಿದೆಯಾ? ಎರಡು ದಿನ ಮಾಲು ನಿಂತಿತ್ತು. ಅಪ್ಪ ಮುಟ್ಟಿದನಾ? ಮುಟ್ಲಿಲ್ಲ. ಕಾರು ಕಳಿಸಿ ನಿನ್ನನ್ನ ಕರೆಸಿದ. ಮದುವೆಗೆ ಹಾಕಿದ್ದ ಆ ಹಳದಿ ಗೌನಿನಲ್ಲೇ ಬಂದು ಬಿಚ್ಚಿದೆ. ಅಪ್ಪ ಟೋಪಿ ತೆಗೆದು ನಿಂತಿದ್ದ.

ಅದಕ್ಕೇ ಹೇಳ್ತಿರೋದು. ಹನ್ನೊಂದು ಜನರನ್ನೂ ಒಬ್ಬೊಬ್ಬರನ್ನಾಗಿ ಕರೆದು ಕೇಳಿದೀನಿ. ಯಾರೂ ಮುಟ್ಟಿಲ್ಲ. ಮುಟ್ಟೋರಲ್ಲ ಅವರು. ಟ್ರಕ್ಕಿನವನು ಕೆಳಗೇ ಇಳೀಲಿಲ್ಲ. ಅಂದ್ಮೇಲೆ ನೀನು ಕಟ್ಟೇ ಇಲ್ಲ! ಹೌದೋ ಅಲ್ವೋ? ತಾನಾಗೇ ಉದುರೋಕೆ ಅದೇನು ಎಲೆಯಾ? ನೀನು ತಂತೀನ ಮೂರು ಸುತ್ತು ಬಿಗೀತೀಯ, ತುದಿ ಒಳಕ್ಕೆ ಮಡಚ್ತೀಯ. ಬೆರಳಲ್ಲಿ ಬಿಚ್ಚೋಕೆ ಹೋದ್ರೆ ಉಗುರು ಕಿತ್ತು ಬರುತ್ತೆ, ಇಕ್ಕಳ ಹಾಕಿ ಕತ್ತರಿಸಲೇ ಬೇಕು…

ಏನು?

ಯಾಕೆ ಕೈ ನೋಡ್ತೀಯ? ಇದಾ? ಇದು… ಕಾರಿನ ಬಾಗಿಲಿಗೆ ಸಿಕ್ತು. ಉಗುರು ತಾನೇ, ಬೆಳೆಯುತ್ತೆ.

ಬೈಯೋದಾದ್ರೂ ಬೈಯಿ ನೇಡೀನ್. ಹನ್ನೊಂದು ಜನ ಅಂದ್ನಲ್ಲ, ಇನ್ಯಾರನ್ನ ಕೇಳಬೇಕಿತ್ತು? ಯಾರು ಉಳಿದ್ರು?

ಅಪ್ಪನ ಫೋಟೋ ಕಡೆ ನೋಡಬೇಡ. ದಮ್ಮಯ್ಯ, ಆ ಕಡೆ ಮಾತ್ರ ನೋಡಬೇಡ.

ನೀನು ಊಟಕ್ಕೆ ಹೋಗಿದ್ದೆ. ಬರೀ ಅರ್ಧ ಗಂಟೆ! ಸಂಜೆ ನಾಲ್ಕಕ್ಕೆ ಬಂದರಿನ ಗೇಟು ಮುಚ್ಚುತ್ತೆ ಅಂತ ಫಾಂಟೆನೋ ಫೋನಿನ ಮೇಲೆ ಫೋನು. ಕಾಗದ ನಾಳೆ ಬರುತ್ತೆ, ನಾಳೆ ಬರುತ್ತೆ… ವ್ಯಾಪಾರಿ ಬೇರೆ, ಇವತ್ತು ಹೋಗದಿದ್ರೆ ಮಾಲೇ ಬೇಡ ಅಂದ. ನಿನ್ನನ್ನ ಕಾಯಬಹುದಿತ್ತು. ಬಂದಿದ್ರೆ ನೀನು ಬೇಡ ಅಂತಿದ್ದೆ. ಅದಕ್ಕೇ ಕಾಯ್ಲಿಲ್ಲ. ಆಯ್ತಾ? ಕೇಳಿಸ್ತಾ? ಅದಕ್ಕೇ ಕಾಯ್ಲಿಲ್ಲ.

ಕೈ ಯಾಕೆ ಚಾಚಿದೀಯ… ಪೆನ್ನಿಗಾ? ಅಲ್ಲ. ಗೊತ್ತು, ಪೆನ್ನಿಗಲ್ಲ.

ಚೀಟಿ ಈ ಡ್ರಾಯರಲ್ಲಿದೆ. ಬಿಸಾಡೋಣ ಅಂತ ಎರಡು ಸಲ ಕಸದ ಡಬ್ಬದ ತನಕ ಹೋದೆ. ಆಗ್ಲಿಲ್ಲ. ನಿನ್ನ ಹೆಸರಿತ್ತು. 'ಕಾಗದ ಬರೋ ತನಕ ಬೇಡ, ರಾಯ್ಸ್' ಅಂತ ನೀನೇ ನನ್ನ ಹೆಸರೂ ಬರೆದಿದ್ದೆ.

ಆ ನಾಲ್ಕು ಸಾಲು ಇಲ್ಲಿ ಕೊಡು, ಹರೀತೀನಿ. ಬೇರೆ ಬರೀತೀನಿ, ನನ್ನ ಹೆಸರಲ್ಲಿ. ಮೊದಲು ಇದನ್ನ ತಗೋ. ತಂತಿ ತುಂಡಾಗಿದೆ, ನೋಡ್ಕೋ. ನೀನೇ ಕಟ್ಟಿದ್ದು. ನೀನೇ ಬಿಚ್ಚಬೇಕಿತ್ತು.