ಆಕಾಶದ ಹಿಂದೆ ನಿಂತವಳು

ಕೊಪ್ರಿವ್ನಿತ್ಸಾ ಊರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬ ಅಜ್ಜ ಮತ್ತು ಮೊಮ್ಮಗಳು ವಿಯೆನ್ನಾದಿಂದ ಬರುವ ಬಸ್ಸಿಗೆ ಕಾಯುತ್ತಿದ್ದರು. ಹುಡುಗಿಯ ತೊಡೆಯ ಮೇಲೆ ಗಾಜಿನ ಮೇಲೆ ಬರೆದ ಊರಿನ ಚಿತ್ರವಿತ್ತು: ಕೆಂಪು ಸೂರು, ಹಳದಿ ಹೊಲ, ಬಿಳಿ ಹೆಬ್ಬಾತುಗಳು.

"ಹೆಬ್ಬಾತು ಏಳಿವೆ. ಇದ್ರಲ್ಲಿ ನಿಮ್ಮಮ್ಮ ಎಲ್ಲೇ, ಯಾಲ್ಜಾ?"

"ಮರ್ತೋಯ್ತು ಅಜ್ಜ."

"ಸುಳ್ಳು ಹೇಳ್ಬೇಡ. ಗಾಜಿಗೆ ಹಿಂದಿನಿಂದ ಬರಿಯೋದು, ಮುಂದಿರೋ ಜನ ಮೊದಲು, ಆಕಾಶ ಕೊನೆಗೆ ಅಂತ ನೂರು ಸಲ ಹೇಳಿದೀನಿ."

"ಆಕಾಶ ಬಳಿದಾಯ್ತಲ್ಲ, ಇನ್ನೇನು ಮಾಡ್ಲಿ?"

"ಕೆರೆದು ತೆಗಿ."

"ಮನೇನೂ ಕಿತ್ತು ಬರತ್ತೆ."

"ಎರಡು ವರ್ಷ ಆದ್ಮೇಲೆ ಬರ್ತಿದಾಳೆ ಕಣೇ. ಅಲ್ಲಿ ಯಾರ್ಯಾರೋ ಮುದುಕರ ಸೇವೆ ಮಾಡಿ ನಿನ್ನ ಸಾಕ್ತಿದಾಳೆ."

"ಸಾಕಿದ್ದು ನೀನು."

ಅಜ್ಜ ಗಾಜನ್ನು ಕಸಿದುಕೊಂಡು ತಿರುಗಿಸಿದ. ಹಿಂಬದಿಯಲ್ಲಿ, ಒಣಗಿದ ನೀಲಿ ಬಣ್ಣದ ಮೇಲೆ, ಕೆಂಪು ಕೋಟಿನ ಹೆಂಗಸೊಬ್ಬಳು ನಿಂತಿದ್ದಳು.

"ಬರ್ದಿದೀಯಲ್ಲೇ! ಮುಂದಿನಿಂದ ಕಾಣಲ್ವಲ್ಲ?"

"ಕಾಣೋದು ಬೇಡ. ತೂಗುಹಾಕಿದಾಗ ಗೋಡೆಗೆ ಮುಖ ಮಾಡ್ಕೊಂಡು ನಿಂತಿರ್ಲಿ. ತಪ್ಪು ಮಾಡಿದಾಗ ನನ್ನ ನಿಲ್ಲಿಸ್ತಿದ್ಲಲ್ಲ, ಹಾಗೆ."

ಬಸ್ಸು ಬಂತು. ಕೆಂಪು ಕೋಟಿನ ಹೆಂಗಸು ಇಳಿದು ಅತ್ತಿತ್ತ ನೋಡಿದಳು.

"ಕೊಡು ಇಲ್ಲಿ, ಅಜ್ಜ!"

ಅಜ್ಜ ಕೊಡಲಿಲ್ಲ. ಗಾಜಿನ ಹಿಂಬದಿಯನ್ನೇ ಮುಂದೆ ಮಾಡಿ ಹಿಡಿದು ಬಸ್ಸಿನ ಕಡೆ ನಡೆದ. ಹುಡುಗಿ ಅವನ ಬೆನ್ನ ಹಿಂದೆ ಅವಿತುಕೊಂಡೇ ಹೋದಳು.