ಬಲಗಡೆ ಇಂಡಿಕೇಟರ್

ಕಂದೀಲು ಸಣ್ಣ ಮಾಡ್ರಿ, ಮೆಲ್ಲಕ ಹೇಳ್ತೇನಿ. ಇದು ನಮ್ಮ ಸೋದರಮಾವನ ಮಗ ಫಕ್ಕೀರೇಶಗ ಆದದ್ದು. ತೊಂಬತ್ತೊಂದನೇ ಇಸವಿ. ಹಾವೇರಿಯೊಳಗ ಗಾಡಿಗಳ ವೈರಿಂಗ್ ಮಾಡೋ ಅಂಗಡಿ ಇಟ್ಟಿದ್ದ.

ಅವತ್ತ ಅಂಗಡಿ ಮುಚ್ಚೂದು ಹನ್ನೊಂದಾತು. ಕರೆಂಟ್ ಹೋಗಿತ್ತು. ಮನಿ ಹಾದ್ಯಾಗ ಒಂದು ಹಳೇ ಬಾವಿ, ಮಗ್ಗಲಕ ಆಲದ ಮರ. ಮರದ ಕೆಳಗ ಕರಬಸಪ್ಪನ ಹಳೇ ಪಿಕಪ್ ನಿಂತಿತ್ತು. ರಿಪೇರಿಗೆ ಬಂದದ್ದು. ಅಂಗಡಿ ಮುಂದ ಜಾಗಾ ಸಾಲಲಿಲ್ಲ ಅಂತ ಫಕ್ಕೀರೇಶನ ಅಲ್ಲಿಗೆ ನೂಕಿಸಿ ನಿಲ್ಲಿಸಿದ್ದ.

ಟಿಕ್... ಟಿಕ್... ಟಿಕ್...

ಹಿಂದಿನ ಬಲಗಡೆ ಇಂಡಿಕೇಟರ್ ಹತ್ತಿ ಹತ್ತಿ ಆರಾಕತ್ತಿತ್ತು. ಹಳದಿ ಬೆಳಕು ಬಾವಿಕಟ್ಟಿ ಮ್ಯಾಲ ಬೀಳೂದು, ಹೋಗೂದು.

ಅಂವ ನಿಂತುಬಿಟ್ಟ. ಮಧ್ಯಾಹ್ನ ಮೂರು ತಾಸು ಬಡಿದಾಡಿದ್ರೂ ಆ ದೀಪ ಹತ್ತಿರಲಿಲ್ಲ. ಎಡಗಡೆದು ಚಲೋ ಇತ್ತು. ಬಲಗಡೆ ಬಲ್ಬ್ ಬದಲಿ ಮಾಡಿದ. ಫ್ಯೂಸ್ ನೋಡಿದ. ಟಿಕ್ ಟಿಕ್ ಅನ್ನೋ ಫ್ಲಾಶರ್ ಡಬ್ಬಿ ಹೊಸಾದು ಹಾಕಿದ. ತುಕ್ಕು ತಿಂದಿದ್ದ ಅರ್ಥ್ ವೈರ್ ಬಿಚ್ಚಿ, ಅರದಿಂದ ತಿಕ್ಕಿ, ಮತ್ತ ಬಿಗಿದ. ವೈರಿನ ತುದಿಗೆ ಟೆಸ್ಟ್ ಬಲ್ಬ್ ಹಿಡಿದ್ರ ಹತ್ತತಿತ್ತು, ಗಾಡಿ ಬಲ್ಬ್ ಮಾತ್ರ ಇಲ್ಲ. ಕಡೀಕ ಬ್ಯಾಟರಿ ಬಿಚ್ಚಿ ಚಾರ್ಜಿಗಂತ ಅಂಗಡ್ಯಾಗ ಇಟ್ಟುಬಂದಿದ್ದ.

ಬ್ಯಾಟರಿನ ಇಲ್ಲದ ಗಾಡಿ ಅದು...

ಆ ಗಾಡಿ ಅಂವಗ ಹೊಸಾದಲ್ಲ. ಕರಬಸಪ್ಪ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ. ಹಿಂದಿನ ವರ್ಷ ಗಾಡಿ ಓಡಸ್ತಿದ್ದಂವ ಅಗಡಿ ಊರಿನ ಸೋಮಪ್ಪ. ಬಲಗಡೆ ಇಂಡಿಕೇಟರ್ ಹತ್ತವಲ್ದು ಅಂತ ಸೋಮಪ್ಪ ಎಷ್ಟೋ ಸಲ ಬಂದಿದ್ದ. ಒಂದು ಸಲ ಕರಬಸಪ್ಪನೂ ಸಂಗಾಟ ಬಂದ. "ಸೀಜನ್ ಐತಿ, ಗಾಡಿ ನಿಲ್ಲಸಾಕ ಆಗಂಗಿಲ್ಲ. ಹತ್ತೇತಿ ಅಂತ ಹೇಳಿ ಕಳಸು," ಅಂತ ಫಕ್ಕೀರೇಶನ ಕಿವ್ಯಾಗ ಅಂದ. ಸೋಮಪ್ಪ ಒಳಗ ಕುಂತು ಸ್ವಿಚ್ ಒತ್ತಿ, "ಹತ್ತಿತೇನಪಾ?" ಅಂತ ಕೇಳಿದ. ಹಿಂದ ನಿಂತಿದ್ದ ಫಕ್ಕೀರೇಶ ಆರಿದ ದೀಪ ನೋಡಿಕೋತನ, "ಹತ್ತಿತು, ಹೋಗು," ಅಂದ.

ಎಂಟು ದಿನಕ್ಕ, ಅಗಡಿ ಕಡೆ ಬಲಕ್ಕ ಹೊಳ್ಳುವಾಗ, ರಾಣೆಬೆನ್ನೂರಿಂದ ಬಂದ ಲಾರಿ ಹಿಂದಿಂದ ಬಡೀತು. ಮನಿ ಮುಟ್ಟಾಕ ಹತ್ತು ನಿಮಿಷ ಇತ್ತು. ಸೋಮಪ್ಪ ಅಲ್ಲೇ ಹೋದ. "ಕುಡದಿದ್ದ," ಅಂದ ಕರಬಸಪ್ಪ. ಸೋಮಪ್ಪ ಹುಟ್ಟಿದಾಗಿಂದ ಅದನ್ನ ಮುಟ್ಟಿದಂವ ಅಲ್ಲ. ಇಂಡಿಕೇಟರ್ ಬರೋಬ್ಬರಿ ಇತ್ತು ಅಂತ ಫಕ್ಕೀರೇಶ ಪೊಲೀಸರ ಮುಂದ ಸಹಿ ಮಾಡಿಕೊಟ್ಟ. ಸೋಮಪ್ಪನ ಹೆಂಡ್ತಿ ದೇವವ್ವ ಊರಾಗ ಕುಡುಕನ ಹೆಂಡ್ತಿ ಅನಿಸಿಕೊಂಡ್ಲು. ಗಾಡಿ ಮಾತ್ರ ರಿಪೇರಿ ಆಗಿ ಮತ್ತ ರಸ್ತೆಗೆ ಬಂತು.

ಟಿಕ್... ಟಿಕ್...

ಬಾನೆಟ್ ಎತ್ತಿದ. ಕಿರ್ರ್ ಅಂತು. ಕಡ್ಡಿ ಗೀರಿ ನೋಡಿದ. ಬ್ಯಾಟರಿ ಜಾಗಾ ಖಾಲಿ, ಎರಡು ವೈರ್ ಜೋತುಬಿದ್ದಿದ್ದು. ಒಳಗ ಕೈ ಹಾಕಿ ಫ್ಲಾಶರ್ ಕಿತ್ತ. ಮುಷ್ಟ್ಯಾಗ ಬಿಗಿಹಿಡಿದ. ಆ ಮುಷ್ಟಿಯೊಳಗನ ಅದು... ಟಿಕ್... ಟಿಕ್...

ಆಗ ಸೀಟಿನ ಸ್ಪ್ರಿಂಗ್ ಕಿಂಯ್ ಅಂತು. ಯಾರರೆ ಕುಂತಾಗ ಅಂತೇತಲ್ಲ, ಹಂಗ.

"ಹತ್ತಿತೇನಪಾ?"

ಸಣ್ಣ ದನಿ. ಸಿಟ್ಟಿಲ್ಲ, ಸೆಡವಿಲ್ಲ. ಕೆಲಸದ ನಡುವ ಕೇಳಿದಂಗ ಕೇಳಿತು.

ಫಕ್ಕೀರೇಶ ಮುಷ್ಟಿ ಬಿಚ್ಚಿದ. "ಅವತ್ತ ಹತ್ತಿರಲಿಲ್ಲ ಸೋಮಪ್ಪ..." ಅಂದ. "ನಾ ಸುಳ್ಳ ಹೇಳಿದೆ."

ಟಿಕ್ ನಿಂತಿತು. ಬೆಳಕು ಆರಿತು. ಬಾವ್ಯಾಗ ತೊಟ್ ಅಂತ ಒಂದು ಹನಿ ಬಿದ್ದದ್ದು ಕೇಳಿತು, ಅಷ್ಟ.

ಫಕ್ಕೀರೇಶ ಮನಿಗೆ ಹೋಗಲಿಲ್ಲ. ಅಂಗಡಿ ಕಟ್ಟಿ ಮ್ಯಾಲ ಬೆಳಕು ಹರಿಸಿದ. ಮುಂಜಾನೆ ನೋಡಿದ್ರ ಪಿಕಪ್ ಮರದ ಕೆಳಗ ನಿಂತಲ್ಲೇ ನಿಂತಿತ್ತು. ಸೀದಾ ಅಗಡಿ ಹಾದಿ ಹಿಡಿದ.

ದೇವವ್ವ ಕಸಬರಗಿ ಹಿಡಕೊಂಡು ಅಂಗಳದಾಗ ನಿಂತಿದ್ಲು. ಅಂವ ಎಲ್ಲಾ ಹೇಳಿದ. ಆಕಿ ಕೇಳಿ ಮುಗಿಸಿ, "ವರ್ಷಾತು," ಅಂದ್ಲು. "ಈಗ ಹೇಳಿದ್ರ ನಿನಗ ನಿದ್ದಿ ಬರ್ತೇತಿ. ನನಗೇನು ಬರ್ತೇತಿ?"

"ಊರ ಮುಂದ ಹೇಳ್ತೇನವ್ವಾ."

"ಹೇಳು. ಕೇಳೂವರು ಕೇಳ್ಯಾರು. ಕೇಳಬೇಕಾದಂವ ಮಣ್ಣಾಗ ಅದಾನ."

ಊರ ಮುಂದ ಹೇಳಿದ, ಅದೂ ಖರೇ. ಅದಕ್ಕ ಕರಬಸಪ್ಪ ಏನಂದ ಗೊತ್ತೇನು? ಫಕ್ಕೀರೇಶನೂ ಕುಡ್ಯಾಕ ಕಲ್ತಾನ ಅಂದ. ಮಂದಿ ನಂಬಿದ್ರು. ಆರು ತಿಂಗಳದಾಗ ಅಂಗಡಿ ಮುಚ್ಚಿತು.

ಆದರ ಅವತ್ತ ಮುಂಜಾನಿದು ಒಂದು ಮಾತು ಉಳದೇತಿ. ಫಕ್ಕೀರೇಶ ಹೊಂಟು ನಿಂತಾಗ ದೇವವ್ವ ಕೇಳಿದ್ಲು, "ನೀ ಯಾವ ಗಾಡಿ ತಂದಿ?"

"ನಡಕೋತ ಬಂದೇನಿ."

ಆಕಿ ಕಸಬರಗಿ ಚಾಚಿ ತೋರಿಸಿದ್ಲು. ಅಂಗಳದ ಹುಡಿಮಣ್ಣಾಗ ಗಾಲಿ ಗುರುತು. ರಸ್ತೆಯಿಂದ ಬಲಕ್ಕ ಹೊಳ್ಳಿ, ಬಾಗಲ ತನಕ ಬಂದಿದ್ದು. ವಾಪಸ್ ಹೋದ ಗುರುತು ಇರಲಿಲ್ಲ.

ಅಂವ ಹೇಳಿದ ಅಂತ ನಾ ನಂಬಿಲ್ಲ. ಅವತ್ತ ಸಂಜಿಮುಂದ ನಾನ ಸೈಕಲ್ ಮ್ಯಾಲ ಹೋಗಿ, ಈ ಕಣ್ಣಲೆ ನೋಡೇನಿ. ದೇವವ್ವ ಅಂಗಳೆಲ್ಲಾ ಕಸ ಹೊಡದಿದ್ಲು. ಆ ಗುರುತಷ್ಟ ಬಿಟ್ಟಿದ್ಲು.